ಪರದೇಶದ ಪಾಲುದಾರ, ಊರಿನ ಸಾಲಗಾರ

(ರೈತ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಕುಟುಂಬದ ಜಂಟಿ ಆಸ್ತಿ. ಅದರಲ್ಲೂ ಪಾಲುದಾರರಲ್ಲಿ ಒಬ್ಬರೋ ಇಬ್ಬರೋ ಪರದೇಶಕ್ಕೆ ಹೋಗಿ ನೆಲೆಸಿರುವಾಗ ಅದನ್ನು ಇತ್ಯರ್ಥ ಮಾಡಿಕೊಳ್ಳುವುದು ಹೇಗೆ ಎಂಬುದು. ಇದು ಮನೆ ಒಳಗಿನ ಜಗಳ, ಬೆಲೆ ಮತ್ತು ಸಾಲದ ಮೇಲೆ ಹೋರಾಡುವ ನಮಗೆ ಇದರ ಉಸಾಬರಿ ಯಾಕೆ ಅಂತ ಕೆಲವರು ಕೇಳಿದರು. ನಾನು ಹೇಳ್ತೀನಿ, ಇದು ಬೆಲೆಯ ಪ್ರಶ್ನೆಯೇ, ಸಾಲದ ಪ್ರಶ್ನೆಯೇ. ಅದು ಹೇಗೆ ಅನ್ನುವುದನ್ನು ನಿಮ್ಮ ಮುಂದೆ ಬಿಡಿಸಿ ಇಡುವುದಕ್ಕೇ ನಿಂತಿದ್ದೇನೆ.

ಮೊದಲು ನಮ್ಮ ಪಹಣಿ ತೆಗೆದು ನೋಡೋಣ. 2000ನೇ ಇಸವಿಯ ಸುಮಾರಿಗೆ ಭೂಮಿ ಯೋಜನೆ ಬಂತು, ಶಾನುಭೋಗರ ಕಾಲದ ಬರಹವೆಲ್ಲ ಕಂಪ್ಯೂಟರಿಗೆ ಹೋಯಿತು. ಆದರೆ ಅದರೊಳಗಿನ ಹೆಸರು? ಎಷ್ಟೋ ಮನೆಗಳಲ್ಲಿ ಇನ್ನೂ ತೀರಿಕೊಂಡ ಅಪ್ಪನ ಹೆಸರು, ಕೆಲವು ಕಡೆ ತಾತನ ಹೆಸರು. ಉಳುವವನು ಮಗ, ತೆನೆ ಕೊಯ್ಯುವವನು ಮೊಮ್ಮಗ, ಖಾತೆದಾರ ಮಾತ್ರ ಸ್ವರ್ಗಸ್ಥ. ಯಾಕೆ ಹೀಗೆ ಉಳಿಯಿತು? ಪೌತಿ ಖಾತೆ ಮಾಡಿಸಬೇಕಾದರೆ ವಂಶವೃಕ್ಷದಲ್ಲಿ ಎಲ್ಲ ವಾರಸುದಾರರ ಹೆಸರೂ ಬರಬೇಕು. ಒಬ್ಬ ತಮ್ಮ ಅಮೆರಿಕದಲ್ಲಿ, ಒಬ್ಬ ತಂಗಿ ಗಂಡನ ಜೊತೆ ಆಸ್ಟ್ರೇಲಿಯಾದಲ್ಲಿ. ಅವರು ಬರಲಿ ಅಂತ ಕಾಯುವುದು. ಅವರು ಬಂದಾಗ ಹಬ್ಬ, ನೆಂಟರು, ಮದುವೆ. ಆಸ್ತಿ ಮಾತೆತ್ತಿದರೆ ಮನಸ್ಸು ಮುರಿಯುತ್ತೆ ಅನ್ನುವ ಸಂಕೋಚ. ಹದಿನೈದು ದಿನದ ರಜೆ ಮುಗಿಯಿತು, ವಿಮಾನ ಹತ್ತಿದರು. ಹೀಗೇ ಹತ್ತು ವರ್ಷ, ಇಪ್ಪತ್ತು ವರ್ಷ.

ಈ ಸಂಕೋಚಕ್ಕೆ ಬಡ್ಡಿ ಕಟ್ಟುವವರು ಯಾರು? ಊರಲ್ಲಿ ಉಳಿದವನು. ಸಹಕಾರ ಸಂಘದಲ್ಲಿ ಬೆಳೆಸಾಲ ಕೇಳಿದರೆ ಪಹಣಿ ನಿನ್ನ ಹೆಸರಿಗಿಲ್ಲ ಅಂತಾರೆ. ಶೂನ್ಯ ಬಡ್ಡಿಯ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಸಂತೋಷ. ಆದರೆ ಸತ್ತವನ ಖಾತೆಯ ಮೇಲೆ ಅದು ಹುಟ್ಟುವುದಿಲ್ಲ. 2019ರಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಕೂಡ ಜಮೀನು ತನ್ನ ಹೆಸರಿಗೆ ಇದ್ದವನಿಗೆ. ಬೆಳೆ ವಿಮೆ, ಬರ ಪರಿಹಾರ, ಹನಿ ನೀರಾವರಿಯ ಸಹಾಯಧನ, ಯಾವುದಕ್ಕೆ ಹೋದರೂ ಮೊದಲು ಕೇಳುವುದು ಪಹಣಿ.

ಆಗ ಅವನು ಎಲ್ಲಿಗೆ ಹೋಗ್ತಾನೆ? ಮೂರು ರೂಪಾಯಿ ಬಡ್ಡಿಯವನ ಹತ್ತಿರ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಅಂದರೆ ಒಂದು ಲಕ್ಷಕ್ಕೆ ವರ್ಷಕ್ಕೆ 36,000. ಉಂಡೆ ಕೊಬ್ಬರಿಗೆ 2024ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಹಾಗಾದರೆ ಮೂರು ಕ್ವಿಂಟಾಲ್ ಕೊಬ್ಬರಿ ಬರೀ ಬಡ್ಡಿಗೆ ಹೋಯಿತು. ಕಾಯಿ ಕೆಡವಿಸಿ, ಅಟ್ಟಕ್ಕೆ ಹಾಕಿ, ವರ್ಷಗಟ್ಟಲೆ ಕಾದು, ಸುಲಿಸಿ, ಒಡೆಸಿ, ಚೀಲ ತುಂಬಿದ ಮೂರು ಕ್ವಿಂಟಾಲ್. ಇದಕ್ಕೇ ನಾನು ಇದು ಸಾಲದ ಪ್ರಶ್ನೆ ಅಂದದ್ದು.

ಇನ್ನು ಹಕ್ಕಿನ ಮಾತು. ಇಲ್ಲಿ ನಾವು ನೇರವಾಗಿ ಮಾತಾಡಬೇಕು. "ಅವನು ಡಾಲರ್ ಎಣಿಸ್ತಾನೆ, ಅವನಿಗ್ಯಾಕೆ ಪಾಲು" ಅನ್ನುವ ಮಾತು ನಮ್ಮ ಸಭೆಗಳಲ್ಲೇ ಕೇಳಿಬರುತ್ತೆ. ಇದು ಕಾನೂನಿಗೂ ಸರಿಯಲ್ಲ, ನ್ಯಾಯಕ್ಕೂ ಸರಿಯಲ್ಲ. ಪರದೇಶಕ್ಕೆ ಹೋದ ಮಾತ್ರಕ್ಕೆ ವಾರಸಿನ ಹಕ್ಕು ಹೋಗುವುದಿಲ್ಲ, ಆ ದೇಶದ ಪೌರತ್ವ ತೆಗೆದುಕೊಂಡರೂ ಹೋಗುವುದಿಲ್ಲ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದು ಆಸ್ತಿ ಅವರ ಸ್ವಯಾರ್ಜಿತವಾಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅವರ ತಾಯಿ ಬದುಕಿದ್ದರೆ ಆ ಅಜ್ಜಿಗೂ ಸಮಪಾಲು. ಪಿತ್ರಾರ್ಜಿತವಾದರೆ ಪಾಲಿನ ಲೆಕ್ಕ ಬೇರೆ, ಆದರೆ ಹೆಣ್ಣುಮಗಳು ಗಂಡುಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು. ನಮ್ಮ ರಾಜ್ಯ 1994ರಲ್ಲೇ ಈ ದಾರಿ ತೆರೆಯಿತು, ಕೇಂದ್ರ 2005ರಲ್ಲಿ ಇಡೀ ದೇಶಕ್ಕೆ ತಂದಿತು. 2005ರಲ್ಲಿ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾಗದದ ಮೇಲೆ ಮುಗಿದುಹೋದ ವಿಭಾಗಗಳನ್ನು ಮಾತ್ರ ಕಾಯಿದೆ ಮುಟ್ಟುವುದಿಲ್ಲ. "ಬಾಯಿಮಾತಲ್ಲಿ ಆಗಲೇ ಪಾಲಾಗಿತ್ತು" ಅಂತ ಈಗ ಹೇಳಿ ತಂಗಿಯನ್ನು ಹೊರಗಿಡುವುದು ನಡೆಯುವುದಿಲ್ಲ.

ವಂಶವೃಕ್ಷದಲ್ಲಿ ದೂರದಲ್ಲಿದ್ದವರ ಹೆಸರು ಬಿಟ್ಟು ಖಾತೆ ಮಾಡಿಸಿಕೊಂಡರೆ ಗೆದ್ದೆ ಅಂದುಕೊಳ್ಳಬೇಡಿ. ಪಹಣಿ, ಖಾತೆ ಇವು ಕಂದಾಯದ ದಾಖಲೆಗಳು, ಒಡೆತನದ ಹಕ್ಕು ಸೃಷ್ಟಿ ಮಾಡುವ ಕಾಗದಗಳಲ್ಲ. ಇಪ್ಪತ್ತು ವರ್ಷ ನಾನೊಬ್ಬನೇ ಉತ್ತಿದ್ದೇನೆ, ಆದ್ದರಿಂದ ಎಲ್ಲಾ ನನ್ನದೇ ಅನ್ನುವ ವಾದವೂ ನಿಲ್ಲುವುದಿಲ್ಲ. ಜಂಟಿ ಒಡೆಯನೊಬ್ಬನ ಸ್ವಾಧೀನ ಎಲ್ಲರ ಪರವಾದ ಸ್ವಾಧೀನ ಎಂದೇ ನ್ಯಾಯಾಲಯ ನೋಡುತ್ತದೆ. ನೀವು ಇತರರ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ, ಅದು ಅವರಿಗೆ ತಿಳಿದ ಮೇಲೂ 12 ವರ್ಷ ಕಳೆದಿದ್ದರೆ ಮಾತ್ರ ಬೇರೆ ಮಾತು.

ಪರದೇಶದವರ ಮನಸ್ಸಿನಲ್ಲೂ ಒಂದು ಭಯ ಇದೆ. "ಉಳುವವನೇ ಭೂಮಿಯ ಒಡೆಯ ಅಂತ ಕಾನೂನಿದೆಯಂತೆ, ಅಣ್ಣ ಉಳ್ತಾ ಇದ್ದರೆ ಜಮೀನು ಅವನದೇ ಆಗಿಬಿಡುತ್ತಾ?" 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನಿಗಾಗಿ ಬಂದದ್ದು. ತನ್ನದೇ ಜಂಟಿ ಜಮೀನು ಉಳುವ ಅಣ್ಣ ತಮ್ಮನಿಗೆ ಗೇಣಿದಾರನಲ್ಲ. ಗೇಣಿದಾರರು ನಮೂನೆ 7ರ ಅರ್ಜಿ ಹಾಕುವ ಗಡುವೂ ಎಂದೋ ಮುಗಿಯಿತು. ಈ ಮಾತನ್ನು ಅವರಿಗೆ ನಾವೇ ತಿಳಿಸಿ ಹೇಳಬೇಕು. ಭಯ ಹೋದರೆ ಅರ್ಧ ಜಗಳ ಹೋಗುತ್ತೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಕ್ಕು ಎಲ್ಲರಿಗೂ ಇದೆ ಅಂತ ಒಪ್ಪಿದ ಮೇಲೆ ಏಳುವ ಪ್ರಶ್ನೆ, ಬೆಲೆ ಏನು? ಪರದೇಶದ ತಮ್ಮ ಸಾಮಾನ್ಯವಾಗಿ ಉಳುವುದಕ್ಕೆ ಬರುವುದಿಲ್ಲ. ಅವನಿಗೆ ಬೇಕಾದದ್ದು ತನ್ನ ಪಾಲಿನ ಹಣ. ಅಣ್ಣನಿಗೆ ಬೇಕಾದದ್ದು ನೆಲ. ಹಾಗಾದರೆ ಅಣ್ಣ ತಮ್ಮನ ಪಾಲು ಕೊಳ್ಳಬೇಕು. ಯಾವ ದರಕ್ಕೆ?

ಒಂದು ಅಂದಾಜಿನ ಲೆಕ್ಕ ಹಾಕೋಣ, ನಿಮ್ಮ ನಿಮ್ಮ ಊರಿನ ಅಂಕಿ ನೀವೇ ಹಾಕಿಕೊಳ್ಳಿ. ಹೆದ್ದಾರಿ ಮಗ್ಗುಲ ತೆಂಗಿನ ತೋಟ, ದಲ್ಲಾಳಿ ಎಕರೆಗೆ 20 ಲಕ್ಷ ಅಂತಾನೆ. ಆ ತೋಟದಲ್ಲಿ ಗೊಬ್ಬರ, ಕೂಲಿ, ಉಳುಮೆ, ಮೋಟರ್ ರಿಪೇರಿ ಎಲ್ಲಾ ಕಳೆದು ಎಕರೆಗೆ ವರ್ಷಕ್ಕೆ 25,000 ಉಳಿಯಿತು ಅಂತಿಟ್ಟುಕೊಳ್ಳಿ. ಅಣ್ಣ ಬ್ಯಾಂಕಿನಲ್ಲಿ ನೂರಕ್ಕೆ 9ರ ಬಡ್ಡಿಯಲ್ಲಿ 20 ಲಕ್ಷ ತಂದು ತಮ್ಮನಿಗೆ ಕೊಟ್ಟ. ಬಡ್ಡಿ ವರ್ಷಕ್ಕೆ 1,80,000. ಒಂದು ಎಕರೆಯ ಬೆಲೆಯ ಬಡ್ಡಿ ಕಟ್ಟುವುದಕ್ಕೆ ಏಳು ಎಕರೆ ತೋಟ ದುಡಿಯಬೇಕು! ಅಸಲು ಕಟ್ಟುವುದು ಯಾವಾಗ? ಮೊಮ್ಮಕ್ಕಳ ಕಾಲಕ್ಕಾ?

ನೋಡಿ ಬಂಧುಗಳೆ, ಇಲ್ಲಿ ಎರಡು ಬೆಲೆ ಇವೆ. ಒಂದು ನೆಲದ ಬೆಲೆ, ಅದನ್ನು ನಿಗದಿ ಮಾಡುವುದು ಲೇಔಟು, ಹೆದ್ದಾರಿ, ಕೈಯಲ್ಲಿ ಮಿಕ್ಕ ಹಣ ಇರುವವನು. ಇನ್ನೊಂದು ಬೆಳೆಯ ಬೆಲೆ, ಅದನ್ನು ನಿಗದಿ ಮಾಡುವುದು ಸರ್ಕಾರ ಮತ್ತು ಮಂಡಿ. ಮೊದಲನೆಯದು ಆಕಾಶದಲ್ಲಿ, ಎರಡನೆಯದು ನೆಲದಲ್ಲಿ. ಉತ್ಪಾದನಾ ವೆಚ್ಚದ ಮೇಲೆ ನೂರಕ್ಕೆ 50 ಸೇರಿಸಿ ಬೆಂಬಲ ಬೆಲೆ ಕೊಡಿ ಅಂತ ಸ್ವಾಮಿನಾಥನ್ ಆಯೋಗ 2006ರಲ್ಲಿ ಹೇಳಿತು. ಆ ವೆಚ್ಚದಲ್ಲಿ ಸ್ವಂತ ಭೂಮಿಯ ಗೇಣಿ, ಬಂಡವಾಳದ ಬಡ್ಡಿ ಎರಡನ್ನೂ ಸೇರಿಸಿ ಅಂತ ನಾವು ಕೇಳುತ್ತಲೇ ಇದ್ದೇವೆ. ಸರ್ಕಾರ ಕೈಖರ್ಚು ಮತ್ತು ಮನೆಯವರ ಕೂಲಿ ಇಷ್ಟನ್ನೇ ಲೆಕ್ಕ ಹಿಡಿಯುತ್ತದೆ. ಅಂದರೆ ಬೆಲೆ ಕೊಡುವಾಗ ನೆಲಕ್ಕೆ ಬೆಲೆಯೇ ಇಲ್ಲ, ಪಾಲು ಕೊಳ್ಳುವಾಗ ಮಾತ್ರ ನೆಲಕ್ಕೆ ಚಿನ್ನದ ಬೆಲೆ! ಈ ಎರಡರ ನಡುವೆ ಸಿಕ್ಕಿ ನುಜ್ಜುಗುಜ್ಜಾಗುವವನು ಊರಲ್ಲಿ ಉಳಿದ ಅಣ್ಣ. ತಮ್ಮನ ಮೇಲೆ ಹಲ್ಲು ಕಡಿದು ಏನು ಪ್ರಯೋಜನ? ಅವನನ್ನು ವೈರಿ ಮಾಡಿದ್ದು ಈ ಬೆಲೆಯ ವಂಚನೆ.

ಇನ್ನೊಂದು ಸೂಕ್ಷ್ಮ ಇದೆ. ಯಾವ ವರ್ಷ ಕೂತು ಮಾತಾಡುತ್ತೀರಿ ಅನ್ನುವುದರ ಮೇಲೂ ಲೆಕ್ಕ ತಿರುಗುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ 11,750 ಇದ್ದಾಗ ತಿಪಟೂರು ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಬೀದಿಗಿಳಿದು ಹೋರಾಡಿದವರು ಇಲ್ಲೇ ಕೂತಿದ್ದೀರಿ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿ ಹೋಯಿತು. ಬೆಲೆ ಬಿದ್ದ ವರ್ಷ ಇತ್ಯರ್ಥ ಮಾಡಿದರೆ ತಮ್ಮನಿಗೆ ಮೋಸ ಅನ್ನಿಸುತ್ತೆ, ಏರಿದ ವರ್ಷ ಮಾಡಿದರೆ ಅಣ್ಣ ಮುಳುಗುತ್ತಾನೆ. ಅದಕ್ಕೇ ಒಂದು ವರ್ಷದ ಲೆಕ್ಕ ಬೇಡ, ಐದು ವರ್ಷದ ಸರಾಸರಿ ಹಿಡಿಯಿರಿ.

ಹಾಗಾದರೆ ದಾರಿ ಏನು? ನನಗೆ ತೋಚಿದ್ದನ್ನು ಚರ್ಚೆಗೆ ಇಡುತ್ತೇನೆ.

ಒಂದು, ಪಾಲಿಗಿಂತ ಮೊದಲು ಸಾಲ. ಅಪ್ಪನ ಸಾಲ ಅಪ್ಪ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಎಲ್ಲ ವಾರಸುದಾರರದ್ದು. ಆಸ್ತಿ ಐದು ಭಾಗ, ಸಾಲ ಮಾತ್ರ ಊರಲ್ಲಿದ್ದವನ ತಲೆಗೆ ಅನ್ನುವುದು ಯಾವ ಧರ್ಮ? ಸೊಸೈಟಿ, ಬ್ಯಾಂಕು, ಕೈಸಾಲ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮೊದಲು ಕಳೆಯಬೇಕು. ತಂಗಿಯ ಮದುವೆಗೆ, ಅಪ್ಪನ ಆಸ್ಪತ್ರೆಗೆ ತೆಗೆದ ಸಾಲ ಜಂಟಿ ಸಾಲ. ತನ್ನ ಸ್ವಂತಕ್ಕೆ ತೆಗೆದದ್ದು ತೆಗೆದವನದು. ಇಲ್ಲಿ ಅಡ್ಡದಾರಿ ಬೇಡ.

ಎರಡು, ದುಡಿಮೆಯ ಲೆಕ್ಕ, ಹಣದ ಲೆಕ್ಕ ಎರಡೂ ಬರಲಿ. ಕೊಳವೆಬಾವಿ ಕೊರೆಸಿದ್ದು ಯಾರು, ಸಸಿ ನೆಟ್ಟದ್ದು ಯಾರು, ನುಸಿ ಪೀಡೆ, ಕಾಂಡ ಸೋರುವ ರೋಗ ಬಂದಾಗ ಮರ ಉಳಿಸಿಕೊಂಡದ್ದು ಯಾರು, ಅವ್ವನನ್ನು ಕೊನೇವರೆಗೆ ನೋಡಿಕೊಂಡದ್ದು ಯಾರು? ಅದಕ್ಕೆ ಬೆಲೆ ಕಟ್ಟಿ. ಹಾಗೆಯೇ ಪರದೇಶದ ತಮ್ಮ ಕೊಳವೆಬಾವಿಗೆ ಹಣ ಕಳಿಸಿದ್ದರೆ, ಮನೆ ತಾರಸಿ ಹಾಕಿಸಿದ್ದರೆ ಅದನ್ನೂ ಬರೆಯಿರಿ. ಚಳಿ ದೇಶದಲ್ಲಿ ಎರಡೆರಡು ಪಾಳಿ ದುಡಿದು ಕಳಿಸಿದ ದುಡ್ಡು ಕೂಡ ಬೆವರಿನ ದುಡ್ಡೇ.

ಮೂರು, ಬೇಸಾಯದ ಬೆಲೆ. ಐದು ವರ್ಷದ ಸರಾಸರಿ ನಿವ್ವಳ ಉತ್ಪನ್ನ ತೆಗೆದು ಅದರ ಇಪ್ಪತ್ತರಷ್ಟು ಅಂತ ಇಟ್ಟುಕೊಂಡರೆ ನನ್ನ ಲೆಕ್ಕದ ಎಕರೆಗೆ 5 ಲಕ್ಷ ಆಗುತ್ತೆ. ದಲ್ಲಾಳಿಯ 20 ಲಕ್ಷ ಎಲ್ಲಿ, ಇದೆಲ್ಲಿ! ತಮ್ಮ ಒಪ್ಪುತ್ತಾನಾ ಅಂತ ಕೇಳ್ತೀರಿ. ಒಪ್ಪುವಂತೆ ಒಂದು ಷರತ್ತು ಸೇರಿಸಿ. ಬೇಸಾಯದ ಬೆಲೆಗೆ ಪಾಲು ಪಡೆದ ಅಣ್ಣ ಮುಂದೆ ಹದಿನೈದು ವರ್ಷದೊಳಗೆ ಅದನ್ನು ಲೇಔಟಿಗೋ ರೆಸಾರ್ಟಿಗೋ ಮಾರಿದರೆ, ಹೆಚ್ಚಿಗೆ ಬಂದ ಹಣವನ್ನು ಹಳೇ ಪಾಲಿನ ಪ್ರಕಾರ ಎಲ್ಲರಿಗೂ ಹಂಚಬೇಕು. ವಕೀಲರಿಂದ ಇದನ್ನು ಕರಾರಾಗಿ ಬರೆಸಿ. ಆಗ ತಮ್ಮನಿಗೆ, "ಅಣ್ಣ ಬೇಸಾಯ ಮಾಡ್ತೀನಿ ಅಂತ ಕಡಿಮೆಗೆ ತಗೊಂಡು ನಾಳೆ ಮಾರಿಕೊಳ್ತಾನೆ" ಅನ್ನುವ ಅನುಮಾನ ಉಳಿಯುವುದಿಲ್ಲ. ಬೇಸಾಯದ ಬೆಲೆ ಬೇಸಾಯಗಾರನಿಗೆ, ವ್ಯಾಪಾರದ ಬೆಲೆ ಬಂದರೆ ಅದು ಎಲ್ಲರಿಗೆ. ಇದಕ್ಕಿಂತ ನ್ಯಾಯದ ಮಾತು ನನಗೆ ಕಾಣುವುದಿಲ್ಲ.

ನಾಲ್ಕು, ಕಂತು. ಹಣವನ್ನು ಒಂದೇ ಸಲ ಕೇಳಬೇಡಿ ಅಂತ ಅವರಲ್ಲಿ ಕೇಳಿಕೊಳ್ಳಿ. ಕೊಬ್ಬರಿ ಮಾರಿದ ಮೇಲೆ ವರ್ಷಕ್ಕೊಂದು ಕಂತು, ಬರಗಾಲ ಬಂದರೆ ಒಂದು ವರ್ಷದ ವಿರಾಮ. ಕಂತನ್ನು ಬ್ಯಾಂಕಿನ ಮೂಲಕವೇ ಕೊಡಿ, ಕೈಗೆ ಕೊಟ್ಟ ದುಡ್ಡಿಗೆ ಸಾಕ್ಷಿ ಇಲ್ಲ. ಅವರಿಗೆ ಇಲ್ಲಿ ಎನ್‌ಆರ್‌ಓ ಖಾತೆ ಇರಬೇಕು. ಅಲ್ಲಿಂದ ತೆರಿಗೆಯ ಕಾಗದ ಸರಿಮಾಡಿ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಟ್ಟಿದೆ. ನಮ್ಮ ತೋಟಗಳಿಗೆ ಆ ಮಿತಿ ಧಾರಾಳವಾಗಿ ಸಾಕು!

ಇನ್ನು ಕಾಗದದ ವಿಚಾರ, ಬೇಗ ಹೇಳಿ ಮುಗಿಸುತ್ತೇನೆ. ಪರದೇಶದಲ್ಲಿ ನೆಲೆಸಿದ ಭಾರತೀಯ ಕೃಷಿ ಭೂಮಿ ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ವಾರಸಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು. ಆದ್ದರಿಂದ ಊರಲ್ಲಿರುವ ಅವ್ವ ಅಮೆರಿಕದ ಮಗನಿಗೆ ಹೊಲವನ್ನು ದಾನಪತ್ರ ಮಾಡುವುದು, ಅಥವಾ ಅವನು ದುಡ್ಡು ಕೊಟ್ಟು ತಂಗಿಯ ಪಾಲನ್ನು ತನ್ನ ಹೆಸರಿಗೆ ಬರೆಸಿಕೊಳ್ಳುವುದು ತಪ್ಪು ದಾರಿ. ಅವನು ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಡುವುದಕ್ಕೆ ಅಡ್ಡಿಯಿಲ್ಲ. ಕುಟುಂಬದೊಳಗಿನ ವಿಭಾಗಪತ್ರ, ಬಿಡುಗಡೆ ಪತ್ರಗಳಿಗೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟಿಲ್ಲ, ನಿಗದಿಯಾದ ಸಣ್ಣ ಮೊತ್ತ. ಅದು ಗೊತ್ತಿಲ್ಲದೆ ಕ್ರಯಪತ್ರ ಮಾಡಿಸಿ ಲಕ್ಷಗಟ್ಟಲೆ ಕಟ್ಟಬೇಡಿ.

ಅವರು ಖುದ್ದಾಗಿ ಬರಲಾಗದಿದ್ದರೆ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ ಕಳಿಸಬಹುದು. ಅದಕ್ಕೆ ಅಲ್ಲಿನ ನೋಟರಿ ಅಥವಾ ನಮ್ಮ ರಾಯಭಾರ ಕಚೇರಿಯ ಅಧಿಕಾರಿಯ ಮುಂದೆ ಸಹಿ ಆಗಬೇಕು. ಇಲ್ಲಿಗೆ ಬಂದು ತಲುಪಿದ 3 ತಿಂಗಳೊಳಗೆ ಮುದ್ರಾಂಕ ಹಾಕಿಸಬೇಕು. ಎಷ್ಟೋ ಪತ್ರಗಳು ಪೆಟ್ಟಿಗೆಯಲ್ಲೇ ಉಳಿದು ಈ ಗಡುವು ದಾಟಿರುತ್ತವೆ. ಯಾವ ಸರ್ವೆ ನಂಬರು, ಯಾವ ಕೆಲಸ, ಅಷ್ಟಕ್ಕೆ ಸೀಮಿತವಾಗಿ ಬರೆಸಿ. ಎಲ್ಲಾ ಅಧಿಕಾರ ಕೊಡುವ ಪತ್ರ ಬರೆಸಿಕೊಂಡು ಬೇರೆಯವರಿಗೆ ಮಾರಿದ ಕತೆಗಳಿಂದಲೇ ಪರದೇಶದವರು ಸಹಿ ಹಾಕಲು ಹೆದರುವುದು. ಕೊಟ್ಟವರು ತೀರಿಕೊಂಡರೆ ಆ ಪತ್ರಕ್ಕೂ ಅಲ್ಲಿಗೆ ಮುಗಿಯಿತು, ಆದ್ದರಿಂದ ಬಂದ ಕೂಡಲೆ ಕೆಲಸ ಮುಗಿಸಿ. ಒಂದೇ ಸರ್ವೆ ನಂಬರನ್ನು ಒಡೆಯುವುದಾದರೆ ಮೊದಲು 11ಇ ನಕ್ಷೆ, ಆಮೇಲೆ ನೋಂದಣಿ, ಆಮೇಲೆ ಮ್ಯುಟೇಶನ್, ಪೋಡಿ. ಬರೀ ಬಿಳಿ ಹಾಳೆಯಲ್ಲಿ ಪಂಚಾಯ್ತಿ ಪಾಲು ಬರೆದು ಬೀರುವಿನಲ್ಲಿಟ್ಟರೆ ಸಾಲದು, ನೋಂದಣಿ ಮಾಡಿಸಿ.

ತೆರಿಗೆಯ ಒಂದು ಮಾತು. ಪಟ್ಟಣದ ಮಿತಿಯಿಂದ ದೂರವಿರುವ ಗ್ರಾಮೀಣ ಕೃಷಿ ಭೂಮಿಗೆ ಬಂಡವಾಳ ಲಾಭದ ತೆರಿಗೆ ಇಲ್ಲ. ನಿವೇಶನ, ಮನೆ, ಪಟ್ಟಣಕ್ಕಂಟಿದ ಜಮೀನನ್ನು ಪರದೇಶದವರಿಂದ ಕೊಳ್ಳುವಾಗ ತೆರಿಗೆ ಮುರಿದು ಕಟ್ಟುವ ಹೊಣೆ ಕೊಳ್ಳುವವನ ಮೇಲಿದೆ. ಲೆಕ್ಕ ಬಲ್ಲವರನ್ನು ಮೊದಲೇ ಕೇಳಿ, ನೋಟೀಸು ಬಂದ ಮೇಲಲ್ಲ.

ಮಾತುಕತೆ ಮುರಿದರೆ? "ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು" ಅನ್ನೋದು ಸುಮ್ಮನೆ ಹುಟ್ಟಿದ ಗಾದೆಯಲ್ಲ. 2020ರ ತಿದ್ದುಪಡಿ ಆದಾಗಿನಿಂದ ಬೇಸಾಯಗಾರನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದು. ದಲ್ಲಾಳಿ ನೇರವಾಗಿ ಅಮೆರಿಕಕ್ಕೇ ಫೋನು ಹಚ್ಚುತ್ತಾನೆ. ಆಗ ಒಂದು ರಕ್ಷಣೆ ಇದೆ, ನೆನಪಿಡಿ. ಉತ್ತರಾಧಿಕಾರ ಕಾಯಿದೆಯ 22ನೇ ಕಲಮಿನ ಪ್ರಕಾರ, ಉಯಿಲಿಲ್ಲದೆ ಮೊದಲ ವರ್ಗದ ವಾರಸುದಾರರಿಗೆ ಒಟ್ಟಾಗಿ ಬಂದ ಆಸ್ತಿಯಲ್ಲಿ ಒಬ್ಬ ತನ್ನ ಪಾಲು ಮಾರಹೊರಟರೆ, ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದ್ದು. ಇದು ಕೃಷಿ ಭೂಮಿಗೂ ಅನ್ವಯಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೆಲೆಯಲ್ಲಿ ಒಮ್ಮತ ಬರದಿದ್ದರೆ ನ್ಯಾಯಾಲಯ ಬೆಲೆ ಕಟ್ಟುತ್ತದೆ. ಹೊರಗಿನವನು ವಿಭಾಗವಾಗದ ಪಾಲು ಕೊಂಡರೂ ನೇರವಾಗಿ ಬಂದು ಬೇಲಿ ಹಾಕುವಂತಿಲ್ಲ, ವಿಭಾಗದ ದಾವೆ ಹಾಕಬೇಕು.

ಆದರೆ ದಾವೆ ಅನ್ನೋದು ಏನು ಅಂತ ನಿಮಗೆ ಗೊತ್ತು. ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿಗೆ ಬೇರೆ ನಡಾವಳಿ, ನಡುವೆ ಮೇಲ್ಮನವಿ. ಪರದೇಶದವರಿಗೆ ಸಮನ್ಸು ಮುಟ್ಟಿಸುವುದಕ್ಕೇ ತಿಂಗಳುಗಟ್ಟಲೆ. ಗೆದ್ದವನು ಸೋತ, ಸೋತವನು ಸತ್ತ. ದಾವೆಗೆ ಮುಂಚೆಯೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿಗೆ ಹೋಗಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಹೆಣ್ಣುಮಕ್ಕಳಿಗೆ ಕಾನೂನು ನೆರವು ಉಚಿತ.

ಬಂಧುಗಳೆ, ಸಂಘಟನೆ ಏನು ಮಾಡಬೇಕು? ಪ್ರತಿ ಹೋಬಳಿಯಲ್ಲೂ ಕಾಗದ ಓದಬಲ್ಲ ನಾಲ್ಕು ಜನರ ಒಂದು ತಂಡ ಆಗಲಿ, ಅದರಲ್ಲಿ ಇಬ್ಬರು ಹೆಣ್ಣುಮಕ್ಕಳಿರಲಿ. ಸತ್ತವರ ಹೆಸರಿನಲ್ಲಿರುವ ಖಾತೆಗಳ ಪಟ್ಟಿ ಊರೂರಲ್ಲಿ ಆಗಲಿ. ಪೌತಿ ಖಾತೆಯನ್ನು ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಮಾಡಿಸುವುದು ಮೊದಲ ಹೆಜ್ಜೆ, ಪಾಲಿನ ಮಾತು ಆಮೇಲೆ ಬರಲಿ. ಜಂಟಿ ಖಾತೆಯ ಉಳುವವನಿಗೆ, ಇತರರ ಒಪ್ಪಿಗೆ ಪತ್ರದ ಮೇಲೆ, ಸಹಕಾರಿ ಬೆಳೆಸಾಲ ಸರಾಗವಾಗಿ ಸಿಗಬೇಕು ಅಂತ ಸರ್ಕಾರವನ್ನು ಒತ್ತಾಯಿಸೋಣ. ಪರದೇಶದಿಂದ ಬಂದವರನ್ನು ಹಬ್ಬದ ಹೋಳಿಗೆ ಉಣ್ಣಿಸಿ ಕಳಿಸಬೇಡಿ. ಮಾರನೇ ದಿನ ಅಕ್ಕಪಕ್ಕ ಕೂರಿಸಿಕೊಂಡು ಖರ್ಚಿನ ಪುಸ್ತಕ, ಸಾಲದ ಪುಸ್ತಕ, ಮಂಡಿಯ ಪಟ್ಟಿ ಮೂರನ್ನೂ ಅವರ ಮುಂದೆ ಬಿಚ್ಚಿ. "ತಮ್ಮಾ, ನಮ್ಮ ಎಕರೆ ಕೊಟ್ಟದ್ದು ಇಷ್ಟು" ಅಂತ ತೋರಿಸಿ. ಊರು ಬಿಟ್ಟು ಮೂವತ್ತು ವರ್ಷ ಆದವನಿಗೆ ದಲ್ಲಾಳಿ ಹೇಳಿದ ಬೆಲೆ ಮಾತ್ರ ಗೊತ್ತು, ನಮ್ಮ ಬೆಳೆಯ ಬೆಲೆ ಗೊತ್ತಿಲ್ಲ. ಗೊತ್ತಾದರೆ ಅವನಲ್ಲಿ ಎಷ್ಟೋ ಜನ ನಮ್ಮ ಪರವಾಗಿಯೇ ಮಾತಾಡುತ್ತಾರೆ. ಯಾಕೆಂದರೆ ಅವನು ಹೋದದ್ದೂ ಈ ಬೇಸಾಯ ಹೊಟ್ಟೆ ತುಂಬಿಸಲಿಲ್ಲ ಅಂತಲೇ.

1980ರಲ್ಲಿ ನರಗುಂದ, ನವಲಗುಂದದ ರೈತರು ಹೊರಲಾರದ ಕರದ ವಿರುದ್ಧ ಎದ್ದು ನಿಂತು ಗುಂಡಿಗೆ ಎದೆಯೊಡ್ಡಿದರು. ಆ ನೆಲದ ಒಂದೊಂದು ಗುಂಟೆಯನ್ನೂ ನಮ್ಮ ನಮ್ಮ ಮನೆಯೊಳಗಿನ ಜಗಳದಲ್ಲಿ ದಲ್ಲಾಳಿಗೆ ಕಳೆದುಕೊಂಡರೆ ಹೊರಗಿನ ಹೋರಾಟಕ್ಕೆ ಅರ್ಥ ಇರುವುದಿಲ್ಲ. ತಂಗಿಗೆ ಪಾಲು ಕೊಡಿ, ತಮ್ಮನಿಗೆ ಲೆಕ್ಕ ಕೊಡಿ, ಬೆಳೆಗೆ ಬೆಲೆ ಕೇಳಿ. ಈ ಮೂರೂ ಒಟ್ಟಿಗೆ ಆಗಬೇಕು.

ಇಷ್ಟು ಹೊತ್ತು ಕೇಳಿದಿರಿ. ನನ್ನ ಲೆಕ್ಕದಲ್ಲಿ ಕೂಡಿಸುವುದು ಕಳೆಯುವುದು ಇದ್ದರೆ ಚರ್ಚೆಯಲ್ಲಿ ಹೇಳಿ.